ಹದಿನಾಲ್ಕು ಅಡಿ ಎರಡು ಇಂಚು

ಹದಿನಾಲ್ಕು ಅಡಿ ಎರಡು ಇಂಚು.

ಸದಾ ಅಳೆಯುವ ಟೇಪು ಹಿಡಿದು ತಿರುಗಿ ಕಾಲೇಜಿಗೆಲ್ಲ ಟೇಪಮ್ಮ ಎನಿಸಿಕೊಂಡ ವಿದ್ಯಾರ್ಥಿನಿ ಆ ಅಂಕಿಯನ್ನು ಮೂರು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ನಾಲ್ಕನೆಯ ಸಲ ಓದಿದಳು. ಅಂಕಿ ಜಪ್ಪಯ್ಯ ಅನ್ನಲಿಲ್ಲ.

ದಾಖಲೆ ಕೋಣೆಯ ಉದ್ದ ಮೇಜಿನ ಮೇಲೆ ನಕ್ಷೆ ಹರಡಿತ್ತು. ಸುರುಳಿ ಸುತ್ತಿಕೊಳ್ಳದಂತೆ ಮೂರು ಮೂಲೆಗೆ ಮರಳಿನ ಪುಟ್ಟ ಚೀಲಗಳನ್ನು ಇಟ್ಟಿದ್ದರು. ನಾಲ್ಕನೆಯ ಚೀಲ ಇಡೋಣವೆಂದರೆ ಅಲ್ಲಿ ಮೂಲೆಯೇ ಇರಲಿಲ್ಲ. ಬಲಗಡೆಯ ಕೆಳತುದಿ ಅಂಗೈಯಗಲದಷ್ಟು ಮಾಯವಾಗಿತ್ತು.

"ಇಲಿ ತಿಂದಿರ್ಬೇಕು," ಎಂದರು ದಾಖಲೆ ಮಾಮ. ಆ ಕೋಣೆಯ ಮೇಲ್ವಿಚಾರಕರಾಗಿ ಮೂವತ್ತು ವರ್ಷ ಧೂಳು ಕುಡಿದವರು. ಇಡೀ ವಾಸ್ತುಶಿಲ್ಪ ಕಾಲೇಜಿಗೇ ಮಾಮ.

"ಯಾವ ಇಲಿ ಮಾಮ? ಅಡಿಪಟ್ಟಿ ಇಟ್ಕೊಂಡು ನೆಟ್ಟಗೆ ಕತ್ತರಿಸೋ ಇಲೀನಾ?"

ಮಾಮ ಕೆಮ್ಮಿ ಗೋಡೆಯ ಗಡಿಯಾರ ತೋರಿಸಿದರು. "ಹತ್ತು ನಿಮಿಷ ಅಂದಿದ್ದೆ. ಹದಿನೈದಾಯ್ತು. ಸಾಹೇಬ್ರಿಗೆ ಗೊತ್ತಾದ್ರೆ ನನ್ನ ತಲೆ ಹೋಗುತ್ತೆ."

ಗಡಿಯಾರದಲ್ಲಿ ಎರಡೂವರೆ. ಐದು ಗಂಟೆಗೆ ಅವಳು ಮುಖ್ಯಸ್ಥರ ಕೋಣೆಯಲ್ಲಿ ಸಮಿತಿಯ ಮುಂದೆ ಒಂದು ಪತ್ರಕ್ಕೆ ಸಹಿ ಹಾಕಬೇಕಿತ್ತು. 'ನನ್ನ ಪ್ರಬಂಧದಲ್ಲಿರುವ ಅಳತೆಗಳೂ ತೀರ್ಮಾನವೂ ಕಲ್ಪಿತ, ಅದನ್ನು ಹಿಂತೆಗೆದುಕೊಳ್ಳುತ್ತೇನೆ.' ಹಾಕಿದರೆ ಇನ್ನೊಂದು ವಿಷಯ ಹಿಡಿದು ಮೊದಲಿನಿಂದ ಓದಬಹುದು. ಹಾಕದಿದ್ದರೆ ಹೆಸರು ಹೊಡೆದು ಮನೆಗೆ.

ಇಷ್ಟಕ್ಕೆಲ್ಲ ಕಾರಣ ಈ ನಕ್ಷೆ. ಮೂರು ದಿನದ ಹಿಂದೆ ಎಲ್ಲಿಂದಲೋ ಎದ್ದು ಬಂದು ಅವಳ ಎರಡು ವರ್ಷದ ದುಡಿಮೆಯನ್ನು ಮಣ್ಣುಪಾಲು ಮಾಡಿತ್ತು.

ಕಾಲೇಜಿನ ಆವರಣದಲ್ಲಿ ಹಳೆಯ ದಾದಿಯರ ಶಾಲೆ ಎಂಬ ಕಟ್ಟಡವಿದೆ. ಮುಂದೆ ಕಂಬಗಳ ಠೀವಿ, ಹಿಂದೆ ಎಂಟು ಕೋಣೆಗಳ ಸೊರಗಿದ ಸಾಲು. ಎಲ್ಲರೂ ನಂಬಿದ್ದು ಮುಂದಿನದು ಅಸಲು, ಹಿಂದಿನದು ಆಮೇಲೆ ಅಂಟಿಸಿದ ಬಾಲ ಎಂದು. ಟೇಪಮ್ಮ ಗೋಡೆ ಗೋಡೆ ಅಳೆದು, ಇಟ್ಟಿಗೆ ಇಟ್ಟಿಗೆ ನೋಡಿ, ತೊಂಬತ್ತು ದಾಟಿದ ಇಬ್ಬರು ನಿವೃತ್ತ ದಾದಿಯರ ಬಾಯಲ್ಲಿ ಕೇಳಿ, ಉಲ್ಟಾ ಬರೆದಿದ್ದಳು. ಹಿಂದಿನ ಸಾಲೇ ಮೊದಲು ಹುಟ್ಟಿದ್ದು. ಊರಿನ ಮೊದಲ ದಾದಿಯರು ತಾವೇ ನಿಂತು ಕಟ್ಟಿಸಿಕೊಂಡಿದ್ದು. ಕಂಬಗಳು ಬಂದದ್ದು ಎಷ್ಟೋ ವರ್ಷದ ಮೇಲೆ, ದೊಡ್ಡವರು ಫೋಟೊ ತೆಗೆಸಿಕೊಳ್ಳಲು.

ಈ ನಕ್ಷೆಯ ಮೇಲೆ ತೊಂಬತ್ತೊಂದು ವರ್ಷದ ಹಿಂದಿನ ತಾರೀಖಿತ್ತು. 'ಕಟ್ಟಲಿರುವ ದಾದಿಯರ ಶಾಲೆ' ಎಂಬ ತಲೆಬರಹವಿತ್ತು. ಮುಂದಿನ ಭಾಗದ ಎಲ್ಲ ಕೋಣೆಗಳೂ ಇದ್ದವು. ಹಿಂದಿನ ಸಾಲಿನ ಜಾಗದಲ್ಲಿ ಬರಿ ಬಿಳಿ. ಸೋಮವಾರ ಆ ಸಾಲನ್ನು ಕೆಡವುವ ಯಂತ್ರ ಬರಲಿತ್ತು.

ಟೇಪಮ್ಮ ಚೀಲದಿಂದ ತನ್ನ ಪೆನ್ಸಿಲ್ ಪುಸ್ತಕ ತೆಗೆದಳು. ಕಟ್ಟಡದ ಮುಂದೆ ನಿಂತಲ್ಲೇ ಬರೆದುಕೊಂಡ ಮೊದಲ ಟಿಪ್ಪಣಿಗಳು. ಮಳೆಹನಿ, ಚಹಾದ ಕಲೆ, ಒಂದು ಜಜ್ಜಿದ ಸೊಳ್ಳೆ ಎಲ್ಲ ಅದರಲ್ಲಿದ್ದವು. ಹನ್ನೆರಡನೆಯ ಪುಟ. ಮುಂದಿನ ಭಾಗದ ಔಷಧದ ಕೋಣೆ. ಉತ್ತರದ ಗೋಡೆ, ನಾಲ್ಕು ಮೀಟರ್ ಮೂವತ್ತೆರಡು ಸೆಂಟಿಮೀಟರ್.

ಅಡಿಗೆ ತಿರುಗಿಸಿದಳು. ಹದಿನಾಲ್ಕು ಅಡಿ ಎರಡು ಇಂಚು.

ಅವಳಿಗೆ ನಗು ಬಂತು. ಎಂಥ ನಗು ಅಂತೀರಿ! ಮೇಜಿನ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

"ಹುಚ್ಚು ಹಿಡೀತಾ?" ಮಾಮ ಗಾಬರಿಯಾದರು.

"ಇಲ್ಲ ಮಾಮ. ಇಷ್ಟು ಚೆಂದದ ತಪ್ಪನ್ನ ನಾನು ಜನ್ಮದಲ್ಲಿ ಮಾಡಿರ್ಲಿಲ್ಲ."

ಅವಳ ಟೇಪಿನ ತುದಿ ಮೊದಲ ದಿನವೇ ಮುರಿದಿತ್ತು. ಹೊಸದು ತರುವವರೆಗೆ ಅಪ್ಪ ಹೇಳಿಕೊಟ್ಟ ಉಪಾಯ ಮಾಡಿದ್ದಳು. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಸೊನ್ನೆಯ ಬದಲು ಹತ್ತು ಸೆಂಟಿಮೀಟರಿನ ಗೆರೆಯನ್ನು ಗೋಡೆಗೆ ಹಿಡಿ, ಬಂದ ಅಳತೆಯಲ್ಲಿ ಹತ್ತು ಕಳಿ. "ಹತ್ತು ಹಿಡಿ, ಹತ್ತು ಕಳಿ" ಎಂದು ಗೊಣಗುತ್ತಲೇ ಇಡೀ ಕಟ್ಟಡ ಅಳೆದಿದ್ದಳು. ಆ ಒಂದು ಗೋಡೆಗೆ ಮಾತ್ರ ಹಿಡಿದಳು, ಕಳೆಯುವುದನ್ನು ಮರೆತಳು. ಗೋಡೆ ಇದ್ದದ್ದು ನಾಲ್ಕು ಇಪ್ಪತ್ತೆರಡು, ಅಂದರೆ ಹದಿಮೂರು ಅಡಿ ಹತ್ತು ಇಂಚು. ತಪ್ಪು ಗೊತ್ತಾದದ್ದು ಒಂದು ತಿಂಗಳ ಮೇಲೆ. ತಿದ್ದಿದ ಅಳತೆ, ತಾರೀಖು ಸಮೇತ, ನಲವತ್ತೊಂದನೆಯ ಪುಟದಲ್ಲಿತ್ತು. ಕಾಲೇಜಿಗೆ ಕೊಟ್ಟ ಶುದ್ಧಪ್ರತಿಯಲ್ಲೂ ತಿದ್ದಿದ್ದೇ ಇತ್ತು.

ಅವಳು ಹುಟ್ಟುವ ಎಷ್ಟೋ ಮುಂಚೆ ಬರೆದ ನಕ್ಷೆಯೊಳಗೆ ಅವಳು ಹೋದ ವರ್ಷ ಮಾಡಿದ ತಪ್ಪು ಬಂದು ಕೂತಿತ್ತು.

'ಯಾವುದೇ ದಾಖಲೆ ಸಿಕ್ಕಿದ್ರೂ ಮೂರು ಪ್ರಶ್ನೆ ಕೇಳಿ. ಯಾರು ಮಾಡಿದ್ದು? ಯಾರಿಗೋಸ್ಕರ ಮಾಡಿದ್ದು? ಇಲ್ಲಿಗೆ ಹೇಗೆ ಬಂತು?' ಸಂಶೋಧನಾ ವಿಧಾನದ ಮೊದಲ ತರಗತಿಯಲ್ಲಿ ಮೇಡಂ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ. ಇತಿಹಾಸ ಓದಿದ ಮೇಡಂ, ಗೆರೆ ಎಳೆಯುವ ಮಕ್ಕಳಿಗೆ ಕಾಗದವನ್ನು ಅನುಮಾನಿಸುವುದು ಕಲಿಸಲು ಬಂದವರು.

ಹೊಸಬರಿಗೆಲ್ಲ ಅವರು ಒಂದು ಹಳೆಯ ಪತ್ರ ಕೊಟ್ಟು ವಿಮರ್ಶೆ ಬರೆಸುತ್ತಿದ್ದರು. ಟೇಪಮ್ಮ ಅದನ್ನು ನಂಬಿ, ಕರಗಿ, ನಾಲ್ಕು ಪುಟ ಸುರಿದಿದ್ದಳು. ಮೇಡಂ ಪತ್ರದ ಕೆಳಗೆ ಬಲತುದಿಯಲ್ಲಿ ಬೆರಳಿಟ್ಟರು. ಅಲ್ಲೊಂದು ಚಿಕ್ಕ ಇರುವೆಯ ಚಿತ್ರ. ಪತ್ರ ಬರೆದವರು ಸ್ವತಃ ಮೇಡಂ! "ನಿನಗೆ ಇಷ್ಟವಾದ ಸಾಕ್ಷೀನೇ ಮೊದಲು ಜಾಲಾಡ್ಬೇಕು," ಎಂದಿದ್ದರು. ಅವತ್ತು ಅವಳು ಶೌಚಾಲಯದಲ್ಲಿ ಅತ್ತು ಬಂದಿದ್ದಳು. ಇವತ್ತು ಅಳುವ ಮಾತೇ ಇಲ್ಲ.

"ಮಾಮ, ಒಳಗೆ ಬಂದ ದಾಖಲೆಗಳ ಪುಸ್ತಕ ಕೊಡಿ. ಇದನ್ನ ಯಾರು ತಂದ್ಕೊಟ್ರು ಅಂತ ನೋಡ್ಬೇಕು."

ಮಾಮ ಪುಸ್ತಕದ ಮೇಲೆ ಕೈಯಿಟ್ಟರು. "ಅದೊಂದು ಕೇಳ್ಬೇಡ."

"ತಂದ್ಕೊಟ್ಟವರ ಸಹಿ ಇರುತ್ತಲ್ಲ?"

"ಇರುತ್ತೆ. ಸಮಿತಿ ಕೇಳಿದ್ರೆ ತೋರಿಸ್ತೀನಿ. ನಿನಗೆ ತೋರಿಸಲ್ಲ." ಮಾಮ ಅವಳ ಮುಖ ನೋಡದೆ ಹೇಳಿದರು. "ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ ಕಣಮ್ಮ."

ಒಳ್ಳೇದಂತೆ! ಯಾರ ಒಳ್ಳೇದೋ ಅವಳಿಗೆ ಗೊತ್ತಿಲ್ಲವೇ? ಹಿಂದಿನ ಸಾಲು ಬಿದ್ದರೆ ಅಲ್ಲಿ ಏಳುವುದು ಮುಖ್ಯಸ್ಥರ ಕನಸಿನ ಪ್ರದರ್ಶನ ಭವನ. ಸದಾ ಗೆರೆ ಮುರಿಯದ ಅಂಗಿಯ ಅವರಿಗೆ ಹುಡುಗರು ಇಟ್ಟ ಹೆಸರು ಇಸ್ತ್ರಿ ಸರ್. ಆ ಭವನದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿನಾ ಒರೆಸುವವರು. ಅದಕ್ಕೆ ಅಡ್ಡ ಬಂದದ್ದು ಅವಳ ಪ್ರಬಂಧ ಒಂದೇ.

ಟೇಪಮ್ಮ ತನ್ನ ಪೆನ್ಸಿಲ್ ಪುಸ್ತಕ ಚೀಲಕ್ಕೆ ತುರುಕಿ ಎದ್ದಳು.

*

ಮುಖ್ಯ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಸಾರುವೆ ಮೇಲೆ ಅಪ್ಪ ಇದ್ದ. ಒಂದು ತಿಂಗಳಿಂದ ಅವನಿಗೆ ಇಲ್ಲೇ ಸೋರುವ ಚಾವಣಿಗಳ ದುರಸ್ತಿ. ಮೊದಲು ವಿಧಾನದ ಮೇಡಂ ಕೋಣೆ, ಆಮೇಲೆ ದಾಖಲೆ ಕೋಣೆ, ಈಗ ಮುಖ್ಯಸ್ಥರ ಕೋಣೆಯ ನೆತ್ತಿ. ಮಗಳು ಕೆಳಗೆ ನಿಂತಿದ್ದನ್ನು ಕಂಡು ಕರಣೆ ಇಟ್ಟು ಇಳಿದು ಬಂದ.

"ಊಟ ಮಾಡಿದ್ಯಾ?"

"ಹಸಿವಿಲ್ಲ. ಅಪ್ಪಾ, ಆ ನಕ್ಷೆ ಸುಳ್ಳು. ನನ್ನ ಹತ್ರ ಪುರಾವೆ ಇದೆ."

ಅಪ್ಪ ಬೆರಳಿಗೆ ಅಂಟಿದ ಗಾರೆಯನ್ನು ಕೆರೆಯುತ್ತ ನಿಂತ.

"ಕೇಳಿಸ್ತಾ? ನಮ್ಮ 'ಹತ್ತು ಹಿಡಿ, ಹತ್ತು ಕಳಿ' ಕಾಪಾಡ್ತು. ಇವತ್ತು ಇಸ್ತ್ರಿ ಸರ್‌ಗೆ ನೀರಿಳಿಸ್ತೀನಿ."

"ಬೇಡ ಕಣೆ."

"ಏನು ಬೇಡ?"

"ಸಹಿ ಹಾಕ್ಬಿಡು." ಅಪ್ಪ ಗಾರೆಯ ಬುಟ್ಟಿ ನೋಡುತ್ತ ಹೇಳಿದ. "ಎಂಟು ಕೋಣೆ ತಾನೆ? ಬಿದ್ರೆ ಬೀಳ್ಲಿ. ನಿನ್ನ ಓದು ಉಳೀಲಿ."

ಟೇಪಮ್ಮನಿಗೆ ಮೈಯೆಲ್ಲ ಉರಿಯಿತು. ಸೊಟ್ಟ ಬಂದ ಗೋಡೆಯನ್ನು, ಯಾರೂ ಕೇಳದಿದ್ದರೂ, ತಾನೇ ಕೆಡವಿ ಮತ್ತೆ ಕಟ್ಟಿದ ಮನುಷ್ಯ ಇವನು. ಅವಳು ಎಂಟು ವರ್ಷದವಳಿದ್ದಾಗ, ಗೋಡೆ ನೇರ ಇದೆಯೇ ಎಂದು ನೋಡುವ ದಾರದ ತೂಗುಗುಂಡು ಕೈಗೆ ಕೊಟ್ಟು, 'ಇದಕ್ಕೆ ಮುಲಾಜು ಗೊತ್ತಿಲ್ಲ' ಎಂದು ಕಲಿಸಿದವನು. ಅವನ ಬಾಯಲ್ಲಿ ಈ ಮಾತೇ?

"ಹಿಂದಿನ ಸಾಲಿನ ಇಟ್ಟಿಗೆ ಕಟ್ಟು ನೋಡಿ ನೀನೇ ಕೈಮುಗಿದಿದ್ದೆ, ನೆನಪಿದ್ಯಾ?"

"ಇದೆ."

"ಮತ್ತೆ?"

"ದೊಡ್ಡವರ ಹತ್ರ ಜಿದ್ದು ಸಾಧಿಸ್ಬಾರ್ದು. ಅವರು ಹೇಳಿದ್ದು ಮಾಡಿ ಸುಮ್ಮನಿರ್ಬೇಕು."

"ನಾನು ಸಾಧಿಸ್ತೀನಿ," ಎಂದಳು ಟೇಪಮ್ಮ. "ಹೆಸರು ಹೊಡೆದುಹಾಕ್ಲಿ. ನಿನ್ನ ಜೊತೆ ಗಾರೆ ಕಲಸ್ತೀನಿ. ಆದ್ರೆ ನಾನು ಮಾಡಿದ ಕೆಲಸಾನ ಸುಳ್ಳು ಅಂತ ನನ್ನ ಕೈಯಲ್ಲೇ ಬರೆಸ್ತಾರಲ್ಲ, ಅದು ಆಗಲ್ಲ."

ಅಪ್ಪ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಮತ್ತೆ ಸಾರುವೆ ಹತ್ತಿ ಹೋದ. ಅವಳು ಅವನ ಬೆನ್ನು ನೋಡುತ್ತ ನಿಂತಳು, ಕೋಪಕ್ಕಿಂತ ಹೆಚ್ಚಾಗಿ ಬೇಜಾರಾಯಿತು.

*

ಐದು ಗಂಟೆಗೆ ಮುಖ್ಯಸ್ಥರ ಕೋಣೆಯಲ್ಲಿ ಮೂವರು ಸೇರಿದರು. ಇಸ್ತ್ರಿ ಸರ್ ತಮ್ಮ ಕುರ್ಚಿಯಲ್ಲಿ, ಮುಂದೆ ನಡಾವಳಿಯ ಹಾಳೆಗಳು, ಕೈಯಲ್ಲಿ ಶಾಯಿ ಪೆನ್ನು. ಪಕ್ಕದಲ್ಲಿ ವಿಧಾನದ ಮೇಡಂ. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತಿಂಗಳು ರಜೆಯಲ್ಲಿದ್ದವರು ಇವತ್ತಷ್ಟೇ ಕಪ್ಪು ಕನ್ನಡಕದಲ್ಲಿ ಬಂದಿದ್ದರು. ಎದುರಿಗೆ ಟೇಪಮ್ಮ. ಮಾಮ ನಕ್ಷೆ ತಂದು ಮೇಜಿನ ತುದಿಯಲ್ಲಿ ಬಿಚ್ಚಿ, ಬಾಗಿಲ ಹತ್ತಿರ ನಿಂತರು. ತಲೆಯ ಮೇಲೆ ಅಪ್ಪನ ಕರಣೆಯ ಟಕ್ ಟಕ್ ಕೇಳುತ್ತಿತ್ತು.

"ಓದ್ಕೊಂಡು ಸಹಿ ಹಾಕಿ," ಇಸ್ತ್ರಿ ಸರ್ ಪತ್ರವನ್ನು ನಯವಾಗಿ ಮುಂದೆ ತಳ್ಳಿದರು. "ಯಾರಿಗೂ ಮುಜುಗರ ಬೇಡ."

"ಹಾಕಲ್ಲ ಸರ್."

"ಯೋಚನೆ ಮಾಡಿ ಹೇಳಿ."

"ಮಾಡೇ ಹೇಳ್ತಿದ್ದೀನಿ. ಮೊದಲು ನನ್ನದೊಂದು ತಪ್ಪು ಒಪ್ಕೋತೀನಿ, ನಡಾವಳಿಯಲ್ಲಿ ಬರ್ಕೊಳ್ಳಿ."

ಇಸ್ತ್ರಿ ಸರ್ ಹುಬ್ಬು ಮೇಲೇರಿತು. ಟೇಪಮ್ಮ ಪೆನ್ಸಿಲ್ ಪುಸ್ತಕ ಬಿಚ್ಚಿ ಹನ್ನೆರಡನೆಯ ಪುಟವನ್ನು ನಕ್ಷೆಯ ಪಕ್ಕದಲ್ಲಿಟ್ಟಳು. ಮುರಿದ ಟೇಪಿನ ಕತೆ ಹೇಳಿದಳು. ಕಳೆಯಲು ಮರೆತದ್ದನ್ನು ಹೇಳಿದಳು. ಸಂಶೋಧನೆ ಮಾಡುವವರು ಸಾಯುವವರೆಗೂ ಮುಚ್ಚಿಡುವಂಥ ತಪ್ಪನ್ನು ಎದೆ ಸೆಟೆಸಿ ಹೇಳಿದಳು.

"ಒಂದು ಹಳೇ ನಕ್ಷೆಯಲ್ಲಿ ನಾಲ್ಕು ಇಂಚು ಹೆಚ್ಚುಕಮ್ಮಿ ಆಗಲ್ವಾ? ಕಾಕತಾಳೀಯ," ಎಂದರು ಇಸ್ತ್ರಿ ಸರ್.

"ಅಂಕಿ ಬಿಡಿ ಸರ್. ಗೋಡೆ ನೋಡಿ." ಅವಳು ಸ್ಕೇಲಿನ ತುದಿ ಇಟ್ಟಳು. "ಉತ್ತರದ ಗೋಡೆ ಹದಿನಾಲ್ಕು ಎರಡು, ದಕ್ಷಿಣದ್ದು ಹದಿಮೂರು ಹತ್ತು. ಎರಡೂ ಕೂಡ್ಬೇಕಲ್ಲ? ಅದಕ್ಕೆ ಈ ನಕ್ಷೆಯಲ್ಲಿ ಪಶ್ಚಿಮದ ಗೋಡೆ ಓರೆ ಬರೆದಿದ್ದಾರೆ. ನನ್ನ ಪುಸ್ತಕ ನೋಡಿ. ಅವತ್ತು ನಾನೂ ಲೆಕ್ಕ ಕೂಡ್ದೆ ಗೋಡೆ ಓರೆ ಇರ್ಬೇಕು ಅಂತ ಬರ್ಕೊಂಡಿದ್ದೆ. ಆಮೇಲೆ ಮೂಲೆಯಿಂದ ಮೂಲೆಗೆ ಅಳೆದು ನೋಡಿದ್ರೆ ಕೋಣೆ ಚೌಕವಾಗಿದೆ. ಈಗಲೂ ಹೋಗಿ ನೋಡ್ಬಹುದು, ಇಲ್ಲಿಂದ ನೂರು ಹೆಜ್ಜೆ."

ಇಸ್ತ್ರಿ ಸರ್ ಎರಡೂ ಗೋಡೆಗಳ ಅಂಕಿಯನ್ನು ಬಗ್ಗಿ ನೋಡಿದರು.

"ಇದು ಕಟ್ಟೋದಕ್ಕೆ ಮುಂಚೆ ಬರೆದ ನಕ್ಷೆ ಅಂತೀರಿ. ಇಲ್ಲದ ಓರೆ ಗೋಡೇನ ಕಟ್ಟೋದಕ್ಕೆ ಮುಂಚೆ ಯಾರು ಸರ್ ಬರೀತಾರೆ? ಆ ಓರೆ ಹುಟ್ಟಿದ್ದು ನನ್ನ ಮುರುಕು ಟೇಪಿನಲ್ಲಿ."

"ಹಾಳೆ ಹಳೇದು. ಪರೀಕ್ಷೆ ಮಾಡಿಸಿದ್ದೀವಿ."

"ಹಾಳೆ ಹಳೇದೇ. ಗೆರೆ ಹೊಸದು. ನಾನು ತಪ್ಪು ತಿದ್ದೋಕೆ ಮುಂಚೆ ಈ ಪುಸ್ತಕ ಒಂದು ವಾರ ಮೇಡಂ ಮೇಜಿನ ಮೇಲಿತ್ತು, ಅಂಕ ಹಾಕೋದಕ್ಕೆ. ಆ ಕೋಣೆಗೆ ನೀವು ದಿನಾ ಹೋಗಿಬರ್ತೀರಿ ಸರ್."

ಅಂದೇಬಿಟ್ಟಳು! ಬಾಗಿಲ ಹತ್ತಿರ ಮಾಮ ಉಸಿರು ಬಿಗಿಹಿಡಿದರು. ಇಸ್ತ್ರಿ ಸರ್ ಮಾತ್ರ ಸಿಟ್ಟಾಗಲಿಲ್ಲ. ಪುಸ್ತಕ ಎಳೆದುಕೊಂಡು, ಮೇಡಂ ಅಂಕ ಹಾಕಿದ ತಾರೀಖು ನೋಡಿ, ನಕ್ಕರು.

"ಆ ವಾರ ನಾನು ಊರಲ್ಲೇ ಇರ್ಲಿಲ್ಲ. ಬೇರೆ ಕಾಲೇಜಿನ ಪರೀಕ್ಷೆಗೆ ಹೋಗಿದ್ದೆ, ಹಾಜರಿ ಪುಸ್ತಕ ತರಿಸ್ಲಾ? ನಾನು ನೋಡಿದ್ದು ನೀವು ತಿದ್ದಿದ ಶುದ್ಧಪ್ರತಿ ಮಾತ್ರ. ನಿಮ್ಮ ತರ್ಕದ ಪ್ರಕಾರವೇ ನಾನು ಇದನ್ನ ಬರೆಯೋಕಾಗಲ್ಲ, ಅಲ್ವಾ?"

ಟೇಪಮ್ಮ ಆ ತಾರೀಖನ್ನು ತಾನೂ ನೋಡಿದಳು. ತರ್ಕ ಸರಿಯಾಗಿತ್ತು, ಅದೇ ತೊಂದರೆ.

"ಹಾಗಾದ್ರೆ ಪುಸ್ತಕ ನೋಡಿದ್ದು ಇಬ್ರೇ," ಇಸ್ತ್ರಿ ಸರ್ ಪೆನ್ನಿನ ಮುಚ್ಚಳ ತಿರುಗಿಸುತ್ತ ಹೇಳಿದರು. "ಬರೆದ ನೀವು. ಅಂಕ ಹಾಕಿದ ಮೇಡಂ."

"ಆ ನಕ್ಷೇನ ಹತ್ರ ತಳ್ಳಿ," ಎಂದರು ಮೇಡಂ.

ಅದುವರೆಗೆ ಒಂದು ಮಾತೂ ಆಡದೆ ಕೂತಿದ್ದವರು ಕಪ್ಪು ಕನ್ನಡಕ ತೆಗೆದರು. ಕೆಂಪಗಿದ್ದ ಕಣ್ಣನ್ನು ಹಾಳೆಗೆ ಗೇಣು ದೂರದಲ್ಲಿಟ್ಟು, ಒಂದೊಂದೇ ಕೋಣೆ ದಾಟಿಕೊಂಡು ಹೋದರು. ಬೆರಳು ಕತ್ತರಿಸಿದ ಮೂಲೆಗೆ ಬಂದು ನಿಂತಿತು.

"ಇರುವೆ ಎಲ್ಲಿ?" ಎಂದರು.

ಟೇಪಮ್ಮ ಕೂತಲ್ಲಿಂದಲೇ ಆ ಮೂಲೆಯ ಕಡೆ ಬಗ್ಗಿದಳು.

"ಇದನ್ನ ಬರೆದವಳು ನಾನು," ಮೇಡಂ ಸೀದಾ ಕೂತು ಕಡ್ಡಿ ಮುರಿದಂತೆ ಹೇಳಿದರು. "ಬರ್ಕೊಳ್ಳಿ ಸರ್, ಸಂಕೋಚ ಬೇಡ. ಪ್ರತಿ ವರ್ಷ ಒಂದು ಸುಳ್ಳು ದಾಖಲೆ ಮಾಡಿ ಪಾಠಕ್ಕೆ ಇಡ್ತೀನಿ. ಕಾಲೇಜಿನ ಉಗ್ರಾಣದಲ್ಲಿ ಬಿದ್ದಿದ್ದ ಹಳೇ ಹಾಳೆ ಮೇಲೆ ಬರೆದಿದ್ದು. ಇದು ಬರೋ ವಾರದ ಪಾಠ. ಇವಳಿಗೇ ಅಂತ ಮಾಡಿದ್ದು."

"ನನಗಾ?" ಎಂದಳು ಟೇಪಮ್ಮ. "ನನ್ನ ಪ್ರಬಂಧಾನೇ ಕೊಲ್ಲೋ ನಕ್ಷೆ?"

"ಬೇರೆಯವರ ತೀರ್ಮಾನ ಬಿದ್ರೆ ನಿನಗೇನು ನೋವು? ನಿನ್ನದೇ ಬೀಳೋ ಹಾಗಿದ್ರೆ ತಾನೆ ಮೂಳೆ ಮೂಳೆ ಬಿಡಿಸಿ ನೋಡ್ತೀಯ. ನೋಡಿದೆಯಲ್ಲ ಈಗ." ಮೇಡಂ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಇಣುಕಿ ಹೋಯಿತು. "ನಿನ್ನ ಓರೆ ಗೋಡೇನ ನಾನು ನಿಜ ಅಂದ್ಕೊಂಡು ಬರೆದೆ. ಅದು ನನ್ನ ತಪ್ಪು. ಕಟ್ಟಡಕ್ಕೆ ಹೋಗಿ ನೋಡ್ಬೇಕಿತ್ತು. ಮಕ್ಕಳಿಗೆ ದಿನಾ ಹೇಳೋದು ಅದನ್ನೇ."

"ನಿಮ್ಮ ನಿವೃತ್ತಿಗೆ ಇನ್ನು ಮೂರೇ ವಾರ ಮೇಡಂ," ಇಸ್ತ್ರಿ ಸರ್ ಮೆಲ್ಲಗೆ ಹೇಳಿದರು. "ಖೋಟಾ ದಾಖಲೆ ಮಾಡಿದೆ ಅಂತ ಒಪ್ಕೊಳ್ತಿದ್ದೀರಿ."

"ಪಾಠಕ್ಕೆ ಮಾಡಿದ್ದು. ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದು. ಕೆಳತುದಿಯಲ್ಲಿ ಇರುವೆ ಬರೆದಿದ್ದು. ಅದನ್ನ ಕತ್ತರಿಸಿ ದಾಖಲೆ ಕೋಣೆಗೆ ಸೇರಿಸಿದವಳು ನಾನಲ್ಲ. ಮೂರು ವಾರ ಇರ್ಲಿ, ಮೂರು ನಿಮಿಷ ಇರ್ಲಿ, ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ."

ಟೇಪಮ್ಮನಿಗೆ ಎದ್ದು ಹೋಗಿ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿಯಲಿಲ್ಲ. ಯಾರು ಮಾಡಿದ್ದು, ಗೊತ್ತಾಯಿತು. ಯಾರಿಗೋಸ್ಕರ, ಅದೂ ಗೊತ್ತಾಯಿತು. ಇನ್ನು ಉಳಿದದ್ದು ಒಂದೇ ಪ್ರಶ್ನೆ.

"ಇಲ್ಲಿಗೆ ಹೇಗೆ ಬಂತು?" ಎಂದು ಅವಳು ಗಟ್ಟಿಯಾಗಿ ಕೇಳಿದಳು. "ಮಾಮನ ಪುಸ್ತಕದಲ್ಲಿ ತಂದ್ಕೊಟ್ಟವರ ಸಹಿ ಇದೆ. ತೆಗೆಸಿ ಸರ್."

"ಅಗತ್ಯ ಇದ್ಯಾ?"

"ಇದೆ. ಮೇಡಂ ಕಪಾಟಿಂದ ಕದ್ದು, ಇರುವೆ ಕತ್ತರಿಸಿ, ಮೂರು ದಿನ ನನ್ನ ಮೇಲೆ ಗೂಬೆ ಕೂರಿಸಿದವರು ಯಾರು ಅಂತ ನನಗೆ ಗೊತ್ತಾಗ್ಬೇಕು. ಹೆಸರು ಜೋರಾಗಿ ಓದ್ಬೇಕು. ಅದು ಯಾರೇ ಆಗಿರ್ಲಿ, ಅವರು ಇನ್ಮೇಲೆ ಈ ಆವರಣದೊಳಗೆ ಕಾಲಿಡ್ಬಾರ್ದು. ಅದನ್ನೂ ಬರೀರಿ."

"ಯಾರೇ ಆಗಿದ್ರೂ?"

"ಯಾರೇ ಆಗಿದ್ರೂ."

"ಬಹಳ ಸರಿ," ಎಂದರು ಇಸ್ತ್ರಿ ಸರ್. ಇಷ್ಟು ಬೇಗ ಒಪ್ಪಿಕೊಂಡಾರು ಎಂದು ಅವಳು ಎಣಿಸಿರಲಿಲ್ಲ. ಪೆನ್ನು ಹಾಳೆಯ ಮೇಲೆ ಸರಸರ ಓಡಿ ಅವಳ ಷರತ್ತನ್ನು ಬರೆದುಕೊಂಡಿತು. "ಪುಸ್ತಕ ತನ್ನಿ."

ಮಾಮ ಕಂಕುಳಲ್ಲೇ ಇಟ್ಟುಕೊಂಡಿದ್ದರು. ಆದರೂ ಬಾಗಿಲಿಂದ ಮೇಜಿಗೆ ಬರಲು ಬಹಳ ಹೊತ್ತು ಮಾಡಿದರು. ಪುಟ ತೆಗೆದು, ಅದರ ಮೇಲೆ ಅಂಗೈ ಮುಚ್ಚಿ ನಿಂತರು.

"ಬೇಡ ಕಣಮ್ಮ," ಎಂದರು. "ಇನ್ನೂ ಒಂದ್ಸಲ ಹೇಳ್ತೀನಿ. ಬೇಡ."

"ಕೈ ತೆಗೀರಿ ಮಾಮ."

ಮಾಮ ಕೈ ತೆಗೆದರು.

ತಾರೀಖು, ಸರಿ. 'ಚಾವಣಿ ದುರಸ್ತಿಯಲ್ಲಿ ಸಿಕ್ಕ ನಕ್ಷೆ, ಒಂದು', ಸರಿ. ಅದರ ಪಕ್ಕದಲ್ಲಿ ತಂದುಕೊಟ್ಟವರ ಸಹಿ. ದಪ್ಪ ದಪ್ಪ ಅಕ್ಷರ, ಪೆನ್ನನ್ನು ಕರಣೆಯ ಹಾಗೆ ಅದುಮಿ ಹಿಡಿದು ಬರೆದದ್ದು. ಕೊನೆಯ ಅಕ್ಷರದ ಬಾಲ ನೇರ ಕೆಳಗಿಳಿದು ಒಂದು ಚುಕ್ಕೆಯಲ್ಲಿ ನಿಂತಿತ್ತು, ತೂಗುಗುಂಡಿನಂತೆ.

ಆ ಬಾಲ ಎಳೆಯಲು ಕಲಿಸಿದವಳು ಅವಳೇ. ಏಳನೆಯ ತರಗತಿಯಲ್ಲಿದ್ದಾಗ, ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನಿಗೆ ಎರಡು ತಿಂಗಳು ಕೂತು ಸಹಿ ಕಲಿಸಿದ್ದಳು. 'ಕೊನೇಲಿ ಗುಂಡು ಬಿಡಪ್ಪ, ನಿಂದೇ ಅಂತ ಗೊತ್ತಾಗುತ್ತೆ' ಎಂದು ನಗಿಸಿದ್ದಳು.

ತಲೆಯ ಮೇಲೆ ಟಕ್ ಟಕ್ ನಿಂತಿತ್ತು. ಯಾವಾಗ ನಿಂತಿತೋ ಅವಳು ಗಮನಿಸಿರಲಿಲ್ಲ.

"ಯಾರ ಸಹಿ?" ಮೇಡಂ ಕೇಳಿದರು. ಅಷ್ಟು ದೂರದ ಅಕ್ಷರ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. "ಏನಾಯ್ತು ಮಗಳೇ? ಓದು."

ಓದದೆ ಇರಬಹುದಿತ್ತು. ಗುರುತು ಸಿಗುತ್ತಿಲ್ಲ ಎಂದು ಒಂದು ಸುಳ್ಳು ಹೇಳಿದರೆ ಮಾಮ ಹೂಂ ಅನ್ನುತ್ತಿದ್ದರು. ಅದಕ್ಕೇ ಅವರು ಅವಳ ಕಣ್ಣನ್ನೇ ನೋಡುತ್ತ ನಿಂತಿದ್ದರು. ಆದರೆ ತೂಗುಗುಂಡಿಗೆ ಮುಲಾಜು ಗೊತ್ತಿಲ್ಲ. ಟೇಪಮ್ಮ ಬೆನ್ನು ನೆಟ್ಟಗೆ ಮಾಡಿದಳು.

"ಬರ್ಕೊಳ್ಳಿ ಸರ್," ಎಂದಳು. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. "ಮೇಸ್ತ್ರಿ. ನಮ್ಮಪ್ಪ."

ಮೇಡಂ ಮೇಜಿನ ಅಂಚು ಹಿಡಿದುಕೊಂಡರು. ಇಸ್ತ್ರಿ ಸರ್ ಪೆನ್ನು ಮಾತ್ರ ಅಲ್ಲಾಡಲಿಲ್ಲ. ಮುಚ್ಚಳ ಹಾಕಿ ಆಗಲೇ ಜೇಬಿಗೆ ಸೇರಿಸಿದ್ದರು.

ನಕ್ಷೆ ಹಾಸಿದ ಮೇಜಿನಲ್ಲಿ ಎದುರು ಕೂತವರ ಬರಹವನ್ನು ತಲೆಕೆಳಗಾಗಿ ಓದುವುದು ಆ ಕಾಲೇಜಿನಲ್ಲಿ ಎಲ್ಲರಿಗೂ ಅಭ್ಯಾಸ. ಟೇಪಮ್ಮ ನಡಾವಳಿಯ ಹಾಳೆ ನೋಡಿದಳು. ಅವಳ ಷರತ್ತು ಕೊನೆಯ ಸಾಲಿನಲ್ಲಿ ಹೊಳೆಯುತ್ತಿತ್ತು, ಶಾಯಿ ಇನ್ನೂ ಹಸಿ. ಹಾಳೆಯ ತುತ್ತತುದಿಯಲ್ಲಿ, ಸಭೆಯ ತಾರೀಖಿಗೂ ಮೇಲೆ, 'ತಪ್ಪಿತಸ್ಥರು' ಎಂಬುದರ ಮುಂದೆ ಅಪ್ಪನ ಪೂರ್ತಿ ಹೆಸರಿತ್ತು.

ಅವಳು ಬೆರಳು ಚಾಚಿ ಆ ಹೆಸರನ್ನು ಒರೆಸಿ ನೋಡಿದಳು. ಸಭೆ ಸೇರುವ ಮುಂಚೆಯೇ ಬರೆದಿಟ್ಟ ಶಾಯಿ ಯಾವಾಗಲೋ ಒಣಗಿತ್ತು.